ಅಳಿಲು ತಿಂದ ಒಂದು ಬೀಜ

ಇಂಥ ಕಥೆ ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನೇ ನಾನು. ಕನಸು, ಶಕುನ ಎಂದರೆ ಸಾಕು, “ಹೋಗ್ರಪ್ಪ, ಕೆಲಸ ನೋಡ್ಕೊಳ್ಳಿ” ಅನ್ನುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ಹಿಂದೂಪುರದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ತಂಗಿ ಪದ್ಮಳ ಮದುವೆಗೆಂದು ಅಪ್ಪ ಒಂದು ಸೀರೆ ನೇಯಲು ಹಿಡಿದಿದ್ದರು. ಸೆರಗಿನಲ್ಲಿ ಎರಡು ತಲೆಯ ದೊಡ್ಡ ಗಂಡಭೇರುಂಡ. ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಎಂದುಕೊಂಡಿದ್ದೆವು. ರೆಕ್ಕೆ ಮುಗಿದು ಕತ್ತು ಶುರುವಾಗುವ ಹೊತ್ತಿಗೆ ಅಪ್ಪ ಮಗ್ಗದಲ್ಲಿ ಕೂತಲ್ಲೇ ಹೋಗಿಬಿಟ್ಟರು. ಆಮೇಲೆ ನಾನು ಮಗ್ಗಕ್ಕೆ ಕೂತರೆ ಬಲಗೈ ಏಳಲೊಲ್ಲದು. ಊಟಕ್ಕೆ, ಬೀಡಿಗೆ ಏಳುವ ಕೈ ಲಾಳಿ ಕಂಡರೆ ಮಾತ್ರ ಕಲ್ಲು! ಡಾಕ್ಟರು ನೋಡಿ ಕೈಯಲ್ಲಿ ಏನೂ ದೋಷವಿಲ್ಲ ಎಂದರು. ಮದುವೆಗೆ ಆರು ತಿಂಗಳಿತ್ತು. “ನಾನು ಉಟ್ರೆ ಅಪ್ಪನ ಸೀರೇನೇ ಉಡೋದು ಕಣಣ್ಣ” ಎಂದು ಪದ್ಮ ಹಟ ಹಿಡಿದಳು.

ಯಾರೋ ಹೇಳಿದರೆಂದು ಅಮ್ಮ ನನ್ನನ್ನು ಕಲ್ಯಾಣದುರ್ಗದ ಬಸ್ಸು ಹತ್ತಿಸಿದಳು. ಅಲ್ಲಿಂದ ಬೆಳುಗುಪ್ಪದ ಕಡೆ ಜೀಪಿನಲ್ಲಿ ಹೋದರೆ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಒಬ್ಬರ ಹೊಲ. ಬೆಳಿಗ್ಗೆ ಹುಣಸೆಮರದ ಕೆಳಗೆ ಕೂರಿಸಿಕೊಂಡು ಕನಸು, ಬಾಲ್ಯ, ಸಿಟ್ಟು ಎಲ್ಲ ಕೆದಕಿ ಕೇಳುವುದು, ಆಮೇಲೆ ಕೈಗೆ ಗುದ್ದಲಿ ಕೊಟ್ಟು ಹೊಲಕ್ಕೆ ಅಟ್ಟುವುದು. ಇದೇ ಅವರ ಮದ್ದು. ಪುಕ್ಕಟೆ ದುಡಿಸಿಕೊಳ್ಳೋಕೆ ಒಳ್ಳೆ ಉಪಾಯ ಅಂದುಕೊಂಡೆ. ಆದರೂ ಎಂಟನೆಯ ದಿನ ಆ ಮರದ ಕೆಳಗೆ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ, ಹೇಳದೆ ಕೇಳದೆ ಹೋಗಿಬಿಟ್ಟರಲ್ಲ ಎಂದು. ಬೈದು ಬೈದು ಅತ್ತುಬಿಟ್ಟೆ. ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು, ನಾಲ್ಕು ಮುದ್ದೆ ಉಂಡೆ.

ಅಷ್ಟರಲ್ಲಿ ಮಳೆ ಬಿತ್ತು. ಮದ್ದಿಗೆಂದು ಬಂದಿದ್ದ ನಮಗೆಲ್ಲ ಒಂದೊಂದು ತುಂಡು ನೆಲ ಕೊಟ್ಟು ಕಡಲೆಕಾಯಿ ಬಿತ್ತಲು ಹೇಳಿದರು. ಕಲಿಸಿದವಳು ಹೊಲದ ಕೆಲಸದ ನರಸಕ್ಕ. ಸಾಲಿನಲ್ಲಿ ಗೇಣಿಗೊಂದು ಬೀಜ ಬಿಡಬೇಕು, ಅಷ್ಟೇ. ಆದರೆ ನಾನು ಮಗ್ಗದವನು. ಕಾಲು ಮಗ್ಗದ ಹಲಗೆ ತುಳಿದ ಹಾಗೇ ತುಳಿಯುತ್ತದೆ, ಬಾಯಿ ಎಳೆ ಎಣಿಸುತ್ತದೆ. ಎರಡು ಹಾಕು, ಮೂರು ಬಿಡು, ಒಂದು ಹಾಕು. ಅದೇ ಬಲಗೈ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು.

“ಏನ್ ನಾಯ್ನಾ, ಬೀಜ ಹಾಕ್ತಿದ್ದೀಯೋ ರಂಗೋಲಿ ಹಾಕ್ತಿದ್ದೀಯೋ? ಅರ್ಧ ಹೊಲ ಖಾಲಿ ಬಿಟ್ಬುಟ್ಟಿದ್ದೀಯಲ್ಲೋ!” ಎಂದು ನರಸಕ್ಕ ತಲೆ ಚಚ್ಚಿಕೊಂಡಳು.

ಮಾರನೆಯ ದಿನ ನಾವೆಲ್ಲ ನೋಡುತ್ತಿರುವಾಗಲೇ ಒಂದು ಅಳಿಲು ಬಂದು, ನನ್ನ ನೆಲದಲ್ಲಿ ಒಂದೇ ಒಂದು ಬೀಜ ಕೆದಕಿಕೊಂಡು ಹುಣಸೆಮರ ಹತ್ತಿತು. ನರಸಕ್ಕ ಮಣ್ಣಿನ ಹೆಂಟೆ ಬೀಸಿದಳು. “ಹೋಗ್ಲಿ ಬಿಡು ನರಸಕ್ಕ, ಅದರ ಪಾಲು ಅದಕ್ಕೆ” ಎಂದು ಡಾಕ್ಟರಮ್ಮ ನಕ್ಕರು.

ವಾರ ಕಳೆದು ಮೊಳಕೆ ಬಂದವು. ಬೆಳಿಗ್ಗೆ ನರಸಕ್ಕ ಹೊಲದಂಚಿನ ಬಂಡೆ ಮೇಲೆ ನಿಂತು, “ಅಯ್ಯಯ್ಯೋ, ಎಲ್ರೂ ಬನ್ರೋ!” ಎಂದು ಕೂಗಿದಳು. ಹತ್ತಿ ನೋಡಿದೆ. ಕೆಂಪು ನೆಲದಲ್ಲಿ ಹಸಿರು ಗಂಡಭೇರುಂಡ! ಅಪ್ಪ ನೇಯ್ದಿದ್ದ ರೆಕ್ಕೆ ಮಾತ್ರವಲ್ಲ, ನೇಯದೆ ಉಳಿದ ಕತ್ತು, ಕೊಕ್ಕು, ಜುಟ್ಟು ಎಲ್ಲ. ಎಡಗಡೆಯ ಜುಟ್ಟಿನಲ್ಲಿ ಮಾತ್ರ ಒಂದು ಚುಕ್ಕಿ ಖಾಲಿ. ಅಳಿಲು ತಿಂದ ಜಾಗ ಅದು. ನಾನು ನಕ್ಕೆ, ಅತ್ತೆ, ನರಸಕ್ಕನನ್ನು ಹಿಡಿದು ಕುಣಿದೇಬಿಟ್ಟೆ. ಅಷ್ಟು ಸಂತೋಷ ನನಗೆ ಅದುವರೆಗೆ ಆಗಿರಲಿಲ್ಲ.

“ಚಿಕ್ಕಂದಿನಲ್ಲಿ ಅಪ್ಪ ನೇಯೋದನ್ನು ನೋಡಿರ್ತೀರಿ. ನೀವು ಮರೆತರೂ ಮನಸ್ಸಿನ ಆಳ ಮರೆಯಲ್ಲ” ಎಂದರು ಡಾಕ್ಟರಮ್ಮ. ಒಪ್ಪಿದೆ. ಹಾಳೆಯ ಮೇಲೆ ಅದನ್ನು ಬರೆದುಕೊಂಡು ಊರಿಗೆ ಬಂದು ಮಗ್ಗಕ್ಕೆ ಕೂತೆ. ಕೈ ಎದ್ದಿತು. ತಮಾಷೆಗೆಂದು ಅಳಿಲಿನ ಚುಕ್ಕಿಯನ್ನೂ ಖಾಲಿಯೇ ಬಿಟ್ಟೆ. ಪದ್ಮ ಅದೇ ಸೀರೆ ಉಟ್ಟು ಧಾರೆಗೆ ನಿಂತಳು.

ಇಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಅಮ್ಮನ ಟ್ರಂಕಿನ ತಳದಲ್ಲಿ ಸಣ್ಣ ಸಣ್ಣ ಮನೆಗಳ ಒಂದು ಚೌಕುಳಿ ಹಾಳೆ ಸಿಕ್ಕಿತು. ಅಪ್ಪ ಪೆನ್ಸಿಲಿನಲ್ಲಿ ಬರೆದ ಗಂಡಭೇರುಂಡ. ಹೊಲದಲ್ಲಿ ಕಂಡದ್ದೇ, ಒಂದು ಮನೆಯೂ ಹೆಚ್ಚುಕಡಿಮೆಯಿಲ್ಲ. ಎಡಗಡೆಯ ಜುಟ್ಟಿನಲ್ಲಿ ಅದೇ ಮನೆ ಖಾಲಿ.

“ದೃಷ್ಟಿ ಆಗ್ಬಾರ್ದು ಅಂತ ಪ್ರತಿ ಸೀರೇಲೂ ಒಂದ್ ಮನೆ ಬಿಡ್ತಿದ್ರು ಕಣಪ್ಪ” ಎಂದಳು ಅಮ್ಮ. “ಎಲ್ಲಿ ಬಿಡ್ತೀನಿ ಅಂತ ಯಾರ್ಗೂ ಹೇಳ್ತಿರ್ಲಿಲ್ಲ.”

ನನ್ನ ಮನಸ್ಸಿನ ಆಳಕ್ಕೆ ಅಪ್ಪನ ಗುಟ್ಟು ಗೊತ್ತಿತ್ತು ಎಂದೇ ಇಟ್ಟುಕೊಳ್ಳಿ. ಆದರೆ ಆ ಜಾಗದಲ್ಲೂ ನನ್ನ ಕೈ ಬೀಜ ಹಾಕಿತ್ತಲ್ಲ! ಅದನ್ನು ತೆಗೆಯಬೇಕೆಂದು ಅಳಿಲಿಗೆ ಹೇಳಿದವರು ಯಾರು?