ಶಕುಂತಲಾ ಆಂಟಿಯ ಮೆಕ್ಕೆಜೋಳದ ರೊಟ್ಟಿ

ನಮ್ಮ ಮನೆಯಿಂದ ಮೂರನೆಯ ಮನೆ ಶಕುಂತಲಾ ಅವರದು. ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿ ಅವರನ್ನು ಅರಿಯದ ಕನ್ನಡದವರಿಲ್ಲ. ಎಲ್ಲರೂ ಅವರನ್ನು ಹೊಗಳುತ್ತಾರೆ. ನಾನೂ ಹೊಗಳುತ್ತೇನೆ, ಹಲ್ಲು ಕಚ್ಚಿಕೊಂಡು. ಮುಚ್ಚುಮರೆ ಏಕೆ, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಬಾಗಲಕೋಟೆ ಕಡೆಯವರು, ವಯಸ್ಸು ಐವತ್ತೆರಡು. ಓದು ಹತ್ತನೆಯ ತರಗತಿಗೇ ನಿಂತಿತು. ಗಂಡ ಈರಣ್ಣ ಚಿನ್ನದ ಗಣಿಯಲ್ಲಿ ಸೂಪರ್‌ವೈಸರ್. ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ಆ ಎರಡು ವಾರ ಇವರು ಗೋಡೆ ನೋಡಿಕೊಂಡು ಕೂತಿರುತ್ತಿದ್ದರಂತೆ. ಆಮೇಲೆ ಇದಾಗದು ಎಂದುಕೊಂಡು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರು ಕಲಿತರು. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದರು. ಪ್ರತಿ ಸಲವೂ ಎಲ್ಲಿ ತಪ್ಪಿದೆ ಎಂದು ಬೀದಿಯವರಿಗೆಲ್ಲ ತಾವೇ ನಗುತ್ತ ವಿವರಿಸಿದರು. ನಾನಾಗಿದ್ದರೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆ. ಈಗ ಒಂದು ಚೈಲ್ಡ್‌ಕೇರಿನ ಅಡುಗೆಮನೆ ಅವರ ಕೈಯಲ್ಲಿದೆ; ಬೆಳಗ್ಗೆ ಆರೂವರೆಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಾರೆ.

ಇನ್ನು ನಾನು, ರಮಾಕಾಂತ್, ಮೈಸೂರಿನವನು. ಅಡಿಲೇಡಿನಲ್ಲಿ ನಾಲ್ಕು ವರ್ಷ ಇದ್ದು ಇಲ್ಲಿಗೆ ಬಂದ ಸಾಫ್ಟ್‌ವೇರ್ ಆಸಾಮಿ. ನನಗಿರುವುದು ಒಂದೇ ಹುಚ್ಚು, ಮೆಕ್ಸಿಕೋ ಮತ್ತು ಅದರ ದಕ್ಷಿಣದ ಹಳೆಯ ಕಾಲದ ಮಾಯಾ, ಅಜ್ಟೆಕ್, ಇಂಕಾ ಜನರದು. ನನ್ನ ಕಪಾಟಿನಲ್ಲಿ ಅವರ ಬಗ್ಗೆಯೇ ಮೂವತ್ತೆಂಟು ಪುಸ್ತಕಗಳಿವೆ. ಹೆಂಡತಿ ಮಾಲವಿಕಾ ಬೇಡವೆಂದರೂ ಕೇಳದೆ ಒಮ್ಮೆ ಮೆಕ್ಸಿಕೋಗೂ ಹೋಗಿಬಂದೆ. ಹೋದ ವರ್ಷ ಕನ್ನಡ ಸಂಘದಲ್ಲಿ ಮಾಯಾ ಪಂಚಾಂಗದ ಬಗ್ಗೆ ಒಂದು ಗಂಟೆ ಮಾತಾಡಿದೆ. ಮುಂದಿನ ಸಾಲಿನಲ್ಲೇ ನಂಜುಂಡಪ್ಪ ಅಂಕಲ್ ಗೊರಕೆ ಹೊಡೆದರು. ಮಾತು ಮುಗಿದದ್ದೇ ತಡ, ಜನ ಎದ್ದು ಹೋದದ್ದು ಶಕುಂತಲಾ ತಂದಿದ್ದ ರೊಟ್ಟಿ, ಎಣಗಾಯಿಯ ಕಡೆಗೆ. ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತ ನಿಂತಿದ್ದೆ.

ಅದನ್ನೂ ಸಹಿಸಿಕೊಂಡೆ. ಸಹಿಸಲಾಗದ್ದು ಆಮೇಲೆ ನಡೆಯಿತು.

ನನ್ನ ಮಗಳು ನಿಖಿತಾ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಈ ವರ್ಷ ಅವಳಿಗೊಂದು ಹಿಸ್ಟರಿ ಪ್ರಾಜೆಕ್ಟ್ ಬಂತು: ಹಳೆಯ ಕಾಲದ ಯಾವುದಾದರೂ ಜನ ಮಾಡುತ್ತಿದ್ದ ಒಂದು ವಸ್ತುವನ್ನು ಅವರಂತೆಯೇ ಮಾಡಿ ತೋರಿಸಬೇಕು. ಅವಳು ಆರಿಸಿಕೊಂಡದ್ದು ಅಜ್ಟೆಕರ ಮೆಕ್ಕೆಜೋಳದ ರೊಟ್ಟಿ. ಅವಳು ಹುಟ್ಟಿದಾಗಿನಿಂದ ನಾನು ಕಾಯುತ್ತಿದ್ದ ದಿನ ಅದು. ಆ ರಾತ್ರಿಯೇ ಇಪ್ಪತ್ತೆರಡು ಪುಟದ ಟಿಪ್ಪಣಿ ಮಾಡಿ, ಬಣ್ಣದ ಚೀಟಿಗಳನ್ನಂಟಿಸಿ ಅವಳ ಮೇಜಿನ ಮೇಲಿಟ್ಟೆ. ಬೆಳಗ್ಗೆ ಅದು ನನ್ನ ಮೇಜಿನ ಮೇಲೆ ವಾಪಸ್ಸು ಬಂದಿತ್ತು. ಥ್ಯಾಂಕ್ಸ್ ಅಪ್ಪ, ನಾನು ಶಕುಂತಲಾ ಆಂಟಿ ಜೊತೆ ಮಾಡ್ತೀನಿ ಎಂದು ಇಂಗ್ಲಿಷಿನಲ್ಲಿ ಹೇಳಿ ಸ್ಕೂಲಿಗೆ ಹೋದಳು.

ನನ್ನ ಮೈಯೆಲ್ಲ ಉರಿಯಿತು. ಅಜ್ಟೆಕರು ಯಾವ ಖಂಡದವರೆಂದೂ ಗೊತ್ತಿಲ್ಲದ ಹೆಂಗಸಿನ ಹತ್ತಿರ ನನ್ನ ಮಗಳು ಅಜ್ಟೆಕರ ವಿಷಯ ಕಲಿಯಲು ಹೋಗುವುದೆಂದರೇನು? ಮಾಲವಿಕಾ ನಕ್ಕುಬಿಟ್ಟಳು. ಒಂದು ಪ್ರಶ್ನೆ ಕೇಳಿದರೆ ಮುಕ್ಕಾಲು ಗಂಟೆ ಕೊರೆಯುತ್ತೀರಿ, ಪಾಪ ಹುಡುಗಿ ಎಲ್ಲಿಗೆ ಹೋಗಬೇಕು ಎಂದಳು.

ಶನಿವಾರ ಮಗಳನ್ನು ಕರೆತರುವ ನೆಪದಲ್ಲಿ ಅವರ ಮನೆಗೆ ಹೋದೆ. ಒಲೆಯ ಮೇಲೆ ಎಸರು ಮರಳುತ್ತಿತ್ತು. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವಂತೆಯೇ ಶಕುಂತಲಾ ಮೆಕ್ಕೆಜೋಳದ ಹಿಟ್ಟಿಗೂ ಕುದಿಯುವ ನೀರು ಹಾಕಿ ನಾದುತ್ತಿದ್ದರು. ಬಿಸಿ ನೀರಿಗೆ ಹಿಟ್ಟು ಜಿಗುಟಾಗಿ, ರೊಟ್ಟಿ ಬಡಿಯಲು ಬರುತ್ತದೆ. ಅವರ ಕೈಕೆಳಗೆ ಅದು ಪಟಪಟನೆ ಅಗಲವಾಯಿತು. ಪಕ್ಕದಲ್ಲಿ ನಿಖಿತಾ ಅಂಗೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಡಿಯುತ್ತಿದ್ದಳು. ನನ್ನ ಜೊತೆ ಅವಳು ಅಷ್ಟು ನಕ್ಕಿದ್ದು ನೆನಪಿಲ್ಲ.

ನೋಡಿದ ಕೂಡಲೇ ತಪ್ಪು ಗೊತ್ತಾಯಿತು. ಆ ಜನ ಹಿಟ್ಟಿಗೆ ಎಸರು ಹಾಕುತ್ತಿರಲಿಲ್ಲ. ಇಡೀ ಕಾಳನ್ನೇ ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ಸಿಪ್ಪೆ ಉಜ್ಜಿ ತೆಗೆದು, ಕಲ್ಲಿನ ಮೇಲೆ ಹಸಿಯಾಗಿ ಅರೆಯುತ್ತಿದ್ದರು. ಸುಣ್ಣದಿಂದಲೇ ಹಿಟ್ಟು ಅಂಟಿಕೊಳ್ಳುತ್ತದೆ, ಕಾಳಿನ ಸತ್ವ ಮೈಗೆ ಹತ್ತುತ್ತದೆ. ಇದನ್ನು ಕಂಡುಹಿಡಿದವರು ಅಜ್ಟೆಕರೂ ಅಲ್ಲ. ಮಾಯಾ ನಗರಗಳು ಏಳುವ ಎಷ್ಟೋ ಶತಮಾನ ಮೊದಲೇ ಯಾರೋ ಹೆಂಗಸರು ಕಂಡುಕೊಂಡಿದ್ದರು. ಸುಣ್ಣ ಬಿಟ್ಟು ಮೆಕ್ಕೆಜೋಳವನ್ನಷ್ಟೇ ಒಯ್ದ ದೂರದ ನಾಡುಗಳಲ್ಲಿ, ಅದನ್ನೇ ತಿಂದು ಬದುಕಿದ ಬಡವರು ರೋಗ ಬಂದು ಸತ್ತರು. ಅಂದರೆ ಇವಳ ಪ್ರಾಜೆಕ್ಟಿನ ಜೀವವೇ ಸುಣ್ಣ. ಅದಿಲ್ಲದೆ ತೋರಿಸಿದರೆ ಟೀಚರ್ ಒಂದೇ ಮಾತಿನಲ್ಲಿ ಕೆಡವಿಹಾಕುತ್ತಾರೆ.

ನಾನು ಬಾಯಿ ಬಿಡಲಿಲ್ಲ. ಕೊಟ್ಟ ರೊಟ್ಟಿಯನ್ನು ಹರಿದುಕೊಂಡು ತಿಂದೆ, ಚೆನ್ನಾಗಿದೆ ಎಂದೆ, ಇನ್ನೊಂದು ಕೇಳಿ ಹಾಕಿಸಿಕೊಂಡೆ.

ಸಂಜೆ ನಿಖಿತಾ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಅವರು ಹೀಗೇನಾ ಮಾಡ್ತಿದ್ದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಇಪ್ಪತ್ತೆರಡು ಪುಟ ಇನ್ನೂ ಮೇಜಿನ ಮೇಲೇ ಬಿದ್ದಿತ್ತು. ಎಲ್ಲರೆದುರು ಒಂದು ಸಲ ಮುಗ್ಗರಿಸಲಿ, ಆಗ ಗೊತ್ತಾಗುತ್ತದೆ ಯಾರ ಹತ್ತಿರ ಹೋಗಬೇಕಿತ್ತು ಎಂದು ಮನಸ್ಸು ಹೇಳಿತು. ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಹೂಂ, ಹಾಗೇ, ಚೆನ್ನಾಗಿದೆ ಎಂದೆ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದಳು.

ಎರಡು ವಾರದ ನಂತರ ಗುರುವಾರ ಮಧ್ಯಾಹ್ನ ಸ್ಕೂಲಿನ ಸಭಾಂಗಣದಲ್ಲಿ ಪ್ರದರ್ಶನ. ಅಪ್ಪ ಅಮ್ಮಂದಿರೂ ಬಂದಿದ್ದರು. ಮಗಳು ಅವಮಾನಕ್ಕೀಡಾಗುವುದನ್ನು ನೋಡಲು ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಅವತ್ತು ಆಗಲಿಲ್ಲ.

ನಿಖಿತಾ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಮೊದಲನೆಯದನ್ನು ತೋರಿಸಿ, ಇದು ನಾವು ತಪ್ಪಾಗಿ ಮಾಡಿದ್ದು ಎಂದು ಶುರುಮಾಡಿದಳು. ನಮ್ಮೂರಿನ ಜೋಳದ ರೊಟ್ಟಿಯ ರೂಢಿಯಲ್ಲಿ ಎಸರು ಹಾಕಿಬಿಟ್ಟೆವು, ಆ ತಪ್ಪಿನಿಂದಲೇ ನಿಜವಾದ ವಿಷಯ ಸಿಕ್ಕಿತು ಎಂದಳು. ಆಮೇಲೆ ಇಂಡಿಯನ್ ಅಂಗಡಿಯಿಂದ ಎಲೆಯಡಿಕೆಗೆಂದು ತರುವ ಸುಣ್ಣದ ಡಬ್ಬಿಯನ್ನು ಎತ್ತಿ ಹಿಡಿದಳು. ಸುಣ್ಣದಲ್ಲಿ ಬೆಂದ ಕಾಳುಗಳನ್ನು ಟೀಚರ್ ಕೈಗೆ ಕೊಟ್ಟು ಉಜ್ಜಿಸಿದಳು. ಸಿಪ್ಪೆ ಜಾರಿ ಬಂತು. ಎರಡನೆಯ ತಟ್ಟೆಯ ರೊಟ್ಟಿ ಮಡಚಿದರೂ ಬಿರಿಯಲಿಲ್ಲ. ಸಭಾಂಗಣದಲ್ಲಿ ಯಾರೂ ಗೊರಕೆ ಹೊಡೆಯಲಿಲ್ಲ. ಶಕುಂತಲಾ ಹಿಂದೆ ಸೆರಗು ಹೊದ್ದು ನಿಂತಿದ್ದರು. ಟೀಚರ್ ಅವರನ್ನೂ ಮುಂದೆ ಕರೆದರು, ಜನ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಗಳು ಗೆದ್ದ ಸಂತೋಷಕ್ಕಿಂತ ಹೊಟ್ಟೆಯ ಉರಿಯೇ ಹೆಚ್ಚಾಗಿತ್ತು.

ಕಾರ್ ಪಾರ್ಕಿನಲ್ಲಿ ಶಕುಂತಲಾ ಪಾತ್ರೆಗಳನ್ನು ಡಿಕ್ಕಿಗೆ ತುಂಬುತ್ತಿದ್ದರು, ನಿಖಿತಾ ತಟ್ಟೆಗಳನ್ನು ಎತ್ತಿಕೊಡುತ್ತಿದ್ದಳು. ಸುಮ್ಮನಿರಲಾಗದೆ ಕೇಳಿದೆ, ಸುಣ್ಣದ ವಿಷಯ ನಿಮಗೆ ಹೇಗೆ ಹೊಳೆಯಿತು ಎಂದು.

"ನನಗೇನ್ ಹೊಳೀತೈತ್ರಿ ಅಣ್ಣಾರ," ಎಂದರು ಅವರು. "ಅವತ್ತ ನೀವು ನಮ್ಮ ರೊಟ್ಟಿ ತಿಂದ್ರಲ್ಲ, ಆವಾಗ ನಿಮ್ಮ ಮಾರಿ ಮ್ಯಾಲ ಬಾಳ ಖುಷಿ ಇತ್ತು. ಎಂಟು ವರ್ಷದಾಗ ನನ್ನ ಅಡಿಗಿ ತಿಂದು ನೀವು ಹಂಗ ಖುಷಿ ಆಗಿದ್ದು ನಾ ಕಂಡಿಲ್ಲ. ಏನೋ ತಪ್ಪೈತಿ ಅಂತ ಆವಾಗ್ಲೇ ತಿಳೀತು. ಲೈಬ್ರರ್ಯಾಗ ಪುಸ್ತಕ ತಗದು ನೋಡವಾ ಅಂತ ಹುಡಿಗಿಗೆ ಹೇಳ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಿಖಿತಾ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಯು ನ್ಯೂ ದಟ್?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿತ್ತು ಕಣಮ್ಮ," ಎಂದೆ. "ಹೊಟ್ಟೆಕಿಚ್ಚು. ಸೋತ್ರೆ ನನ್ನ ಹತ್ರ ಬರ್ತೀಯ ಅಂತ ಸುಮ್ನಿದ್ದೆ."

ಅವಳು ತಟ್ಟೆಯನ್ನು ಡಿಕ್ಕಿಯಲ್ಲಿಟ್ಟಳು. ಎಷ್ಟೋ ವರ್ಷಗಳ ಮೇಲೆ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದಳು.

"ಅವತ್ತು ಸಂಜೆ ನಾನು ಬಂದಿದ್ನಲ್ಲ, ಅಪ್ಪ."