ಎರಡೂವರೆ ಗಂಟೆ ಹೋದದ್ದೇ ಗೊತ್ತಾಗಲಿಲ್ಲ

ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮಪ್ಪನಿಗೆ ನಿದ್ದೆ ಬರುವುದು ನಿಂತುಹೋಯಿತು. ಗುಂಡ್ಲುಪೇಟೆ, ಚಾಮರಾಜನಗರ, ಸಂತೆಮರಹಳ್ಳಿ ಎಂದು ವರ್ಷಗಟ್ಟಲೆ ಗಾಡಿ ಓಡಿಸಿದವನು ಅವನು. ಡಿಪೋದಲ್ಲಿ ಪಕ್ಕದಲ್ಲೇ ಎಂಜಿನ್ ಗುರುಗುಟ್ಟುತ್ತಿರುವಾಗ, ಯಾರೋ ಟೈರು ಬಿಚ್ಚಿ ಸುತ್ತಿಗೆಯಲ್ಲಿ ಬಡಿಯುತ್ತಿರುವಾಗ ಮಲಗಿ ಅವನಿಗೆ ಅಭ್ಯಾಸ. ನಮ್ಮ ಮನೆ ಇರುವುದು ಚಾಮರಾಜನಗರದ ಒಂದು ಒಳಬೀದಿಯಲ್ಲಿ. ಬೆಳಿಗ್ಗೆ ಸೊಪ್ಪು ಮಾರುವವಳು ಕೂಗಿ ಹೋದಳೆಂದರೆ ಸಂಜೆಯವರೆಗೆ ಅಲ್ಲಿ ಸದ್ದೇ ಇಲ್ಲ. ಅಪ್ಪ ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದ. ಅಮ್ಮ ಒಂದೆರಡು ದಿನ ಮಧ್ಯಾಹ್ನದ ಹೊತ್ತು ಮಿಕ್ಸಿ ಹಾಕಿ ನೋಡಿದಳು. ಫಲ ಸಿಕ್ಕಿತು. ಆದರೆ ಅಷ್ಟು ಚಟ್ನಿ ತಿನ್ನುವವರು ಮನೆಯಲ್ಲಿ ಇರಲಿಲ್ಲ.

ದಾರಿ ತೋರಿಸಿದವರು ಹಾಸಿಗೆ ಅಂಗಡಿಯ ಚಾಚಾ. ಅಪ್ಪನ ಹಳೆಯ ಸ್ನೇಹಿತರು. ಹತ್ತಿಯ ಹಾಸಿಗೆ, ರಜಾಯಿ ಹೊಲಿದು ಮಾರುತ್ತಾರೆ. ಶುಕ್ರವಾರ ನಮಾಜು ಮುಗಿಸಿ ಊಟ ಮಾಡಿ, ಅಂಗಡಿಯನ್ನು ಮಗನಿಗೆ ಬಿಟ್ಟು, ಹೊಸ ಸಿನಿಮಾ ಯಾವುದಿದ್ದರೂ ಮ್ಯಾಟಿನಿಗೆ ಹೋಗುವುದು ಅವರ ಪದ್ಧತಿ.

"ಬಾ ಭಾಯ್, ಪಿಕ್ಚರ್ ನೋಡ್ಕೊಂಡ್ ಬರನ. ಮನೇಲಿ ಕೂತು ಸೂರು ನೋಡಿದ್ರೆ ಅದ್ರಲ್ಲೇನು ಕಥೆ ಬತ್ತದಾ?" ಎಂದು ಅವರು ಅಪ್ಪನನ್ನು ಎಬ್ಬಿಸಿಕೊಂಡು ಹೋದರು.

ಅದೊಂದು ಹೊಡೆದಾಟದ ಚಿತ್ರ. ನಾಯಕ ಒಂದು ಕಾರ್ಖಾನೆಯ ಗೋಡೆ ಒಡೆದುಕೊಂಡು ತೆರೆಯ ಮೇಲೆ ಬಂದನಂತೆ. ಆ ಸದ್ದಿಗೆ ಅಪ್ಪನ ಕಣ್ಣು ನಿದ್ದೆಗೆ ಎಳೆಯಿತು. ಆಮೇಲೆ ಜೀಪುಗಳು ಸ್ಫೋಟಿಸಿದವು, ಹೆಲಿಕಾಪ್ಟರ್ ಬಂತು, ಖಳನ ಬಂಗಲೆ ಸುಟ್ಟುಹೋಯಿತು. ಇವುಗಳಲ್ಲಿ ಯಾವುದೂ ಅಪ್ಪನನ್ನು ಮುಟ್ಟಲಿಲ್ಲ. ಮಧ್ಯಂತರದಲ್ಲಿ ಸದ್ದು ನಿಂತಾಗ ಮಾತ್ರ ಒಮ್ಮೆ ಎಚ್ಚರವಾಗಿ, ಚಾಚಾ ತಂದುಕೊಟ್ಟ ಟೀ ಕುಡಿದು ಮತ್ತೆ ಮಲಗಿದ. ಪಕ್ಕದ ಸೀಟಿನಲ್ಲಿ ಚಾಚಾ ನಾಯಕನ ತಾಯಿ ಸತ್ತಾಗ ಅತ್ತರು, ಖಳ ಹಿಂದಿನಿಂದ ಬರುವಾಗ ಎದ್ದು ನಿಂತು ನಾಯಕನನ್ನು ಎಚ್ಚರಿಸಿದರು.

ಹೊರಗೆ ಗೇಟಿನ ಹತ್ತಿರ ಒಬ್ಬ ಮೈಕು ಹಿಡಿದು ನಿಂತಿದ್ದ. ಚಂದಕವಾಡಿಯವನು. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಶುಕ್ರವಾರಗಳಲ್ಲಿ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಪ್ರೇಕ್ಷಕರ ಅಭಿಪ್ರಾಯ ಹಿಡಿಯುತ್ತಾನೆ. ಚಾಚಾರ ಹತ್ತಿರ ಅವನು ಹೋಗುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ ಅವರು ಟೈಟಲ್ ಕಾರ್ಡಿನಿಂದ ಶುರುಮಾಡಿ ಇಡೀ ಕಥೆ ಹೇಳಿ, ಅಳುವ ಜಾಗದಲ್ಲಿ ಮತ್ತೆ ಅತ್ತು, ಅವನ ಬ್ಯಾಟರಿ ಮುಗಿಸಿದ್ದರು. ಅವತ್ತು ಅವನು ಮೈಕನ್ನು ಅಪ್ಪನ ಮುಂದೆ ಹಿಡಿದ. ಆಗಷ್ಟೇ ಎದ್ದ ಅಪ್ಪನ ಕಣ್ಣು ಕೆಂಪಾಗಿತ್ತು. ಮುಖದಲ್ಲಿ ಬಹಳ ದಿನದ ಮೇಲೆ ಒಂದು ಕಳೆ ಬಂದಿತ್ತು.

"ಪಿಕ್ಚರ್ ಎಂಗದೆ ಯಜಮಾನ್ರೆ?"

"ಚೆನ್ನಾಗದೆ ಕಣಪ್ಪ. ಎರಡೂವರೆ ಗಂಟೆ ಓದದ್ದೇ ಗೊತ್ತಾಗ್ನಿಲ್ಲ."

ಹಿಂದೆ ನಿಂತಿದ್ದ ಅಭಿಮಾನಿಗಳು ಶಿಳ್ಳೆ ಹಾಕಿದರು.

ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ದಿನಾ ಬಸ್ಸಿನಲ್ಲಿ ಓಡಾಟ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಮೊಬೈಲು ತೋರಿಸಿ, "ಮೇಡಂ, ಇವರು ನಿಮ್ಮ ತಂದೆಯವರಲ್ವಾ?" ಎಂದರು. ಮೇಷ್ಟ್ರು ಸಿನಿಮಾಕ್ಕೆ ಹೋಗುವ ಮುಂಚೆ ಎಷ್ಟು ಸ್ಟಾರ್ ಬಂದಿದೆ ಎಂದು ನಾಲ್ಕಾರು ಕಡೆ ನೋಡಿ, ಕೂಡಿಸಿ, ಭಾಗಿಸಿ ನಿರ್ಧಾರ ಮಾಡುವವರು. ಆ ಚಿತ್ರಕ್ಕೆ ಪತ್ರಿಕೆಯ ವಿಮರ್ಶಕರು ದಯೆ ತೋರಿರಲಿಲ್ಲ. ಒಬ್ಬರು ತಲೆನೋವಿನ ಮಾತ್ರೆ ಇಟ್ಟುಕೊಂಡು ಹೋಗಿ ಎಂದು ಬರೆದಿದ್ದರು. ಅದಕ್ಕೆ ಉತ್ತರವಾಗಿ ಅಭಿಮಾನಿಗಳು ಅಪ್ಪನ ವಿಡಿಯೋವನ್ನು ಎಲ್ಲ ಕಡೆ ಹಾಕುತ್ತಿದ್ದರು. ಮೇಷ್ಟ್ರಿಗೆ ಗೊಂದಲವಾಗಿತ್ತು. ಅಪ್ಪನ ಮಾತಿಗೆ ಎಷ್ಟು ಸ್ಟಾರ್ ಹಾಕಿಕೊಳ್ಳಬೇಕು ಎಂದು ನನ್ನನ್ನು ಕೇಳಿದರು.

ವಾರದೊಳಗೆ ಚಿತ್ರದವರ ಜಾಹೀರಾತಿನಲ್ಲಿ ಆ ಸಾಲು ಬಂತು. 'ಓದದ್ದೇ', 'ಗೊತ್ತಾಗ್ನಿಲ್ಲ' ಎಂಬುದನ್ನು ಯಾರೋ ತಿದ್ದಿ ವ್ಯಾಕರಣಬದ್ಧ ಮಾಡಿದ್ದರು. ನಾನು ಪತ್ರಿಕೆ ಹಿಡಿದು ಅಪ್ಪನ ಮುಂದೆ ಕೂತೆ.

"ಅಪ್ಪ, ನೀನು ನಿದ್ದೆ ಮಾಡಿದ್ದೆ ಅಂತ ಚಾಚಾ ಹೇಳಿದ್ರು."

"ಅದ್ನೇ ಕಣಮ್ಮಿ ನಾನು ಹೇಳಿದ್ದು."

ಅದಾದ ಮೇಲೆ ಅಪ್ಪ ಯಾವ ಶುಕ್ರವಾರವನ್ನೂ ತಪ್ಪಿಸಲಿಲ್ಲ. ಟೀ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಜನ ಅವನನ್ನು ಕೇಳತೊಡಗಿದರು. ಅವನು ಒಂದು ಸಲವೂ ಸುಳ್ಳು ಹೇಳಲಿಲ್ಲ. ಒಂದು ಚಿತ್ರಕ್ಕೆ, "ಮೊದಲರ್ಧ ಬಲು ಸೊಗಸು, ಆಮೇಲೆ ವಸಿ ತೊಂದ್ರೆ ಕೊಡ್ತದೆ" ಎಂದ. ಎರಡನೇ ಅರ್ಧದಲ್ಲಿ ನಾಯಕಿಗೆ ಕಾಯಿಲೆ ಬಂದು ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದರಂತೆ. ಬೆಂಗಳೂರಿನ ವಿಮರ್ಶಕರೂ ದ್ವಿತೀಯಾರ್ಧದಲ್ಲಿ ಚಿತ್ರ ಬಿಗಿ ಕಳೆದುಕೊಳ್ಳುತ್ತದೆ ಎಂದೇ ಬರೆದಿದ್ದರು. ಮತ್ತೊಂದಕ್ಕೆ, "ಹಾಡು ಕಮ್ಮಿ ಆಯ್ತು" ಎಂದ. ಅದನ್ನೂ ಅವರು ಬರೆದಿದ್ದರು. ವಿಮರ್ಶಕರು ಎಚ್ಚರವಿದ್ದು ಕಂಡುಕೊಂಡದ್ದನ್ನು ಅಪ್ಪ ಮಲಗಿಯೇ ಕಂಡುಕೊಳ್ಳುತ್ತಿದ್ದ. ಮೇಷ್ಟ್ರು ಅವನನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು.

ಹೀಗಿರುವಾಗ ಒಂದು ಕಲಾತ್ಮಕ ಚಿತ್ರ ಬಂತು. ಹೊರದೇಶದಲ್ಲಿ ಬಹುಮಾನ ಪಡೆದದ್ದು. ವಿಮರ್ಶಕರೆಲ್ಲ ಒಂದೇ ಬಾಯಲ್ಲಿ ಹೊಗಳಿದ್ದರು. ಚಿತ್ರದ ಮೌನದ ಬಗ್ಗೆ ಅವರು ಬಹಳ ಮಾತಾಡಿದ್ದರು. ಅವತ್ತು ಶಾಲೆಗೆ ರಜೆ. ನಾನೂ ಅಪ್ಪ ಮತ್ತು ಚಾಚಾರ ಜತೆ ಹೋದೆ.

ಒಬ್ಬ ಹೆಂಗಸು ದಿನಾ ಊರಾಚೆ ರಸ್ತೆಗೆ ಬಂದು ಬಸ್ಸಿಗೆ ಕಾಯುತ್ತಾಳೆ. ಬಸ್ಸು ನಿಲ್ಲುವುದಿಲ್ಲ. ಅವಳು ಮನೆಗೆ ಹೋಗುತ್ತಾಳೆ. ಮಾತು ಬಹಳ ಕಡಿಮೆ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಮುಂದಿನ ಸಾಲಿನಲ್ಲಿ ಯಾರೋ ಚಿಪ್ಸ್ ತಿನ್ನುತ್ತಿದ್ದದ್ದು ಇಡೀ ಥಿಯೇಟರಿಗೆ ಕೇಳಿ, ಅವನೇ ನಾಚಿಕೊಂಡು ಪೊಟ್ಟಣ ಮಡಚಿಟ್ಟ. ಅಪ್ಪ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಟವೆಲ್ಲನ್ನು ತಲೆಗೆ ಸುತ್ತಿಕೊಂಡ, ಬಿಚ್ಚಿದ. ಚಾಚಾ ಮೊದಲಿನಿಂದಲೇ ಅಳುತ್ತಿದ್ದರು. ಮಧ್ಯಂತರದಲ್ಲಿ, "ಇದುವರೆಗೂ ಏನಾಯ್ತಮ್ಮ ಕಥೇಲಿ?" ಎಂದು ನನ್ನನ್ನು ಕೇಳಿದರು.

ಹೊರಗೆ ಬಂದಾಗ ಮೈಕು ಕಾಯುತ್ತಿತ್ತು.

"ಏನ್ ಏಳ್ಲಪ್ಪ," ಎಂದ ಅಪ್ಪ ದಣಿದ ದನಿಯಲ್ಲಿ. "ಒಂದ್ ನಿಮ್ಸ ಕಣ್ ಮುಚ್ಚಕ್ ಆಗ್ನಿಲ್ಲ."

ಈ ಸಲ ವಿಡಿಯೋ ಹಂಚಿದವರು ಅಭಿಮಾನಿಗಳಲ್ಲ, ವಿಮರ್ಶಕರು. ಚಾಮರಾಜನಗರದ ಸಾಮಾನ್ಯ ಪ್ರೇಕ್ಷಕನಿಗೆ ಇಂಥ ಸಿನಿಮಾ ಅರ್ಥವಾಗುವುದಿಲ್ಲ ಎನ್ನುವವರು ಇದನ್ನು ನೋಡಬೇಕು ಎಂದು ಒಬ್ಬರು ಬರೆದರು. ಅಪ್ಪನ ಮುಖದಲ್ಲಿದ್ದ ದಣಿವನ್ನು ಇನ್ನೊಬ್ಬರು ವಿವರವಾಗಿ ವಿಶ್ಲೇಷಿಸಿದರು.

ನಾಲ್ಕೈದು ದಿನದ ಮೇಲೆ ಆ ಚಿತ್ರದ ನಿರ್ದೇಶಕರು ನಮ್ಮ ಮನೆಗೇ ಬಂದರು. ಮೈಕಿನವನು ವಿಳಾಸ ಕೊಟ್ಟಿದ್ದ. ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ. ಅಪ್ಪನ ಕೈ ಹಿಡಿದುಕೊಂಡು ಕೂತರು. ಚಾಚಾ ಸುದ್ದಿ ಕೇಳಿ ಅಂಗಡಿಯಿಂದ ಬಂದಿದ್ದರು, ಅವರ ಅಂಗಿಯ ತುಂಬ ಹತ್ತಿ.

"ಕಣ್ಣು ಮುಚ್ಚೋಕೆ ಆಗಲಿಲ್ಲ ಅಂದ್ರಲ್ಲ. ಆ ಮಾತು ನಮಗೆ ಬಹಳ ಧೈರ್ಯ ಕೊಡ್ತು," ಎಂದರು ನಿರ್ದೇಶಕರು. "ನಿಮಗೆ ಅಷ್ಟು ಕಾಡಿದ್ದು ಯಾವುದು?"

"ಸದ್ದೇ ಇಲ್ವಲ್ಲ ಸಾರ್. ಎಂಗ್ ನಿದ್ದೆ ಬತ್ತದೆ?"

ಚಾಚಾ ತಕ್ಷಣ ನಡುವೆ ಬಂದರು. "ಅಂದ್ರೆ ಸಾರ್, ಮನಸ್ಸಿಗೆ ತೊಂದ್ರೆ ಕೊಡ್ತು ಅಂತ."

"ಮನಸ್ಗಲ್ಲ ಭಾಯ್, ನಿದ್ದೆಗೆ," ಎಂದ ಅಪ್ಪ. ಆಮೇಲೆ ಮಿಕ್ಸಿಯಿಂದ ಹಿಡಿದು ಎಲ್ಲವನ್ನೂ ಅವರಿಗೆ ಹೇಳಿದ.

ನಿರ್ದೇಶಕರು ಅಪ್ಪನ ಕೈ ಬಿಟ್ಟರು. ನಾನು ನೆಲ ನೋಡುತ್ತಾ ನಿಂತೆ. ಅಮ್ಮ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಅಪ್ಪನೇ ಮತ್ತೆ ಮಾತು ತೆಗೆದ. "ನಿದ್ದೆ ಬರ್ದೆ ಇದ್ದುದ್ಕೆ ಪೂರ್ತಿ ನೋಡ್ಬುಟ್ಟೆ. ಆದ್ರೆ ಸಾರ್, ಆ ಡ್ರೈವರ್ ಯಾಕೆ ನಿಲ್ಸ್ನಿಲ್ಲ?"

"ಅದು... ಆ ಬಸ್ಸನ್ನ ಕೆಲವರು ಕಾಲ ಅಂತ ಬರೆದಿದ್ದಾರೆ," ಎಂದರು ನಿರ್ದೇಶಕರು.

"ಕಾಲ ಆದ್ರೂ ಕೈ ಅಡ್ಡ ಆಕುದ್ರೆ ನಿಲ್ಸ್ಬೇಕಲ್ವಾ. ಗಾಡಿ ಖಾಲಿ ಇತ್ತು. ಆಯಮ್ಮ ಡಿಪೋಗೆ ಓಗಿ ಕಂಪ್ಲೇಂಟ್ ಕೊಡ್ಬೇಕಿತ್ತು."

ನಿರ್ದೇಶಕರಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ನಕ್ಕು ಮುಗಿದ ಮೇಲೆ, "ನೀವು ನೋಡಿದ್ದನ್ನ ಮೊದಲಿಂದ ಹೇಳ್ತೀರಾ?" ಎಂದು ಕೇಳಿದರು.

ಅಪ್ಪ ಹೇಳಿದ. ಆ ಹೆಂಗಸು ಮೊದಲ ದಿನ ಬರುವಾಗ ತಲೆಗೆ ಹೂವು ಮುಡಿದಿದ್ದಳು, ಆಮೇಲೆ ಮುಡಿಯಲಿಲ್ಲ. ಒಂದು ದಿನ ಕೈ ಅರ್ಧ ಎತ್ತಿ ಇಳಿಸಿಬಿಟ್ಟಳು. ಅವಳ ಅತ್ತೆ ಒಳ್ಳೆಯವಳೇ, ಆದರೆ ಎಲ್ಲಿಗೆ ಹೋಗುತ್ತೀ ಎಂದು ಒಂದು ದಿನವೂ ಕೇಳಲಿಲ್ಲ. ಅಪ್ಪ ಯಾವುದಕ್ಕೂ ಅರ್ಥ ಹೇಳಲಿಲ್ಲ. ಪಕ್ಕದ ಬೀದಿಯಲ್ಲಿ ನಡೆದದ್ದನ್ನು ಹೇಳುವಂತೆ ಹೇಳಿದ. ಚಾಚಾ ಮತ್ತೊಮ್ಮೆ ಅತ್ತರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಒಲೆಯ ಮೇಲೆ ಹಾಲು ಉಕ್ಕಿತು.

"ಎಷ್ಟೋ ಊರು ಸುತ್ತಿದ್ದೀನಿ," ಎಂದರು ನಿರ್ದೇಶಕರು ಉಪ್ಪಿಟ್ಟು ತಿನ್ನುತ್ತಾ. "ಎಲ್ಲರೂ ನನಗೆ ಅರ್ಥ ಹೇಳಿದ್ರು. ಯಾರೂ ಕಥೆ ಹೇಳಿರಲಿಲ್ಲ."

ತಮ್ಮ ಫೋನ್ ನಂಬರು ಕೊಟ್ಟು ಹೋದರು. ಅವರು ಬೀದಿಯ ತಿರುವು ದಾಟುವ ಮುಂಚೆಯೇ ಅಮ್ಮ ಅಪ್ಪನನ್ನು ಹಿಡಿದುಕೊಂಡಳು. "ಕೊನೆಗೆ ಆಯಮ್ಮನ್ನ ಯಾರ್ ಕರ್ಕೊಂಡೋದ್ರು?"

"ಯಾರೂ ಇಲ್ಲ. ನಡ್ಕೊಂಡೇ ಓದ್ಲು."

"ನೀವು ಮಲಗಕ್ ಓಗ ಪಿಕ್ಚರ್‌ಗೆ ನನ್ನ ಕರೀದೆ ಇದ್ರೆ ಓಗ್ಲಿ ಬುಡಿ. ಎದ್ದಿದ್ದುಕ್ಕಾದ್ರೂ ಕರೀಬೇಕಿತ್ತು."

ಅಷ್ಟು ಹೊತ್ತಿಗೆ ಚಾಮರಾಜನಗರದಲ್ಲಿ ಚಿತ್ರ ತೆಗೆದುಹಾಕಿದ್ದರು. ಗುಂಡ್ಲುಪೇಟೆಯಲ್ಲಿ ಬೆಳಗಿನ ಒಂದು ಆಟ ಇನ್ನೂ ಉಳಿದಿದೆ ಎಂದು ಚಾಚಾ ವಿಚಾರಿಸಿ ತಿಳಿಸಿದರು. ಭಾನುವಾರ ಅಪ್ಪ, ಅಮ್ಮ, ನಾನು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿದ ಕಡೆ, ನಿಲ್ಲಿಸದ ಕಡೆ ಅಪ್ಪ ಡ್ರೈವರನ್ನೇ ನೋಡುತ್ತಿದ್ದ. ಥಿಯೇಟರಿನಲ್ಲಿ ನಮ್ಮನ್ನು ಬಿಟ್ಟರೆ ಕೇರಳದ ಕಡೆಯ ಒಂದು ಜೋಡಿ, ವಿಜ್ಞಾನದ ಮೇಷ್ಟ್ರು, ಇನ್ನು ಕೆಲವರು. ಅಪ್ಪ ಅಮ್ಮನಿಗೆ ಮುಂದೆ ಬರುವುದನ್ನೆಲ್ಲ ಮೊದಲೇ ಹೇಳುತ್ತಿದ್ದ. ಆ ಜೋಡಿ ಎರಡು ಸಲ ತಿರುಗಿ ನೋಡಿತು.

ಮುಗಿದ ಮೇಲೆ ಹೋಟೆಲಿನಲ್ಲಿ ದೋಸೆಗೆ ಹೇಳಿ ಕೂತೆವು. "ಎಂಗಿತ್ತು?" ಎಂದ ಅಪ್ಪ.

ಅಮ್ಮ ಸ್ವಲ್ಪ ಯೋಚಿಸಿದಳು. "ಚೆನ್ನಾಗಿತ್ತು. ಆದ್ರೆ ಆಯಮ್ಮಂದು ಒಂದೇ ಸೀರೆ. ಅಷ್ಟು ದಿವ್ಸ ಕಾದವ್ಳೆ, ಒಗ್ದದ್ದು ಯಾವಾಗ?"

ಆ ಸೀರೆಯ ಮಾಸಿದ ಕಂದು ಬಣ್ಣದ ಬಗ್ಗೆಯೇ ಒಬ್ಬ ವಿಮರ್ಶಕರು ಒಂದು ಇಡೀ ಪ್ಯಾರಾ ಬರೆದಿದ್ದರು. ಅದನ್ನು ನಾನು ಅಮ್ಮನಿಗೆ ವಿವರಿಸಲು ನೋಡಿದೆ. ಅವಳು ದೋಸೆ ಬರುವವರೆಗೆ ಕೇಳಿಸಿಕೊಂಡಳು. ಅಪ್ಪ ಅಷ್ಟರಲ್ಲಿ ನಿರ್ದೇಶಕರಿಗೇ ಫೋನ್ ಮಾಡಿ ಸೀರೆಯ ಪ್ರಶ್ನೆ ಕೇಳಿಬಿಟ್ಟಿದ್ದ. ಆ ಕಡೆಯಿಂದ ಅವರು ಏನೋ ಹೇಳಿದರು. ಅಪ್ಪ "ಸರಿ ಸಾರ್" ಎಂದು ಫೋನ್ ಇಟ್ಟ.

"ಏನಂತೆ?" ಎಂದಳು ಅಮ್ಮ.

"ಅವ್ರತ್ರ ಇದ್ದದ್ದೇ ಒಂದಂತೆ."

ಅಮ್ಮ ದೋಸೆ ಮುರಿದಳು. "ಕೇಳಿದ್ರೆ ನಾನು ಕೊಡ್ತಿರ್ನಿಲ್ವಾ?"