ಹುಣಸೆಮರದ ಗೇಟಿನಲ್ಲಿ ಕೀ ಕೊಡುವ ಬಾಬು ಜಾನ್

ಮದ್ದೂರಿಗೂ ಮಂಡ್ಯಕ್ಕೂ ನಡುವಿನ ಒಳರಸ್ತೆಯೊಂದರಲ್ಲಿ ಹುಣಸೆಮರದ ಗೇಟು ಅಂತ ಒಂದು ರೈಲ್ವೆ ಗೇಟಿದೆ. ಹುಣಸೆಮರವನ್ನು ಕಡಿದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಹಾಗೇ ಉಳಿದಿದೆ. ನಮ್ಮ ಜನರ ಸ್ವಭಾವ ತಿಳಿಯಬೇಕೆಂದರೆ ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಗೇಟು ಬಿದ್ದ ತಕ್ಷಣ ರಸ್ತೆಯ ಎಡಕ್ಕೆ ನಿಲ್ಲಬೇಕಾದವರು ಬಲಕ್ಕೂ ತುಂಬಿಕೊಳ್ಳುತ್ತಾರೆ. ಹಳಿಯ ಆಚೆಯವರೂ ಅದನ್ನೇ ಮಾಡುತ್ತಾರೆ. ಗೇಟು ಎದ್ದ ಮೇಲೆ ಎರಡು ಕಡೆಯವರೂ ಕುಸ್ತಿಗೆ ಇಳಿದವರ ಹಾಗೆ ಎದುರುಬದುರಾಗಿ, ಬೈದಾಡಿ, ಕೊನೆಗೆ ಯಾರದೋ ಪರಿಚಯ ಸಿಕ್ಕಿ, ಮನೆ ಕಡೆ ಚೆನ್ನಾಗಿದ್ದಾರಾ ಅಂತ ವಿಚಾರಿಸಿಕೊಂಡು ದಾಟುತ್ತಾರೆ.

ಅಂಥ ಗೇಟಿನಲ್ಲಿ ಬಾಬು ಜಾನ್ ಮಾಡುವ ಕೆಲಸ ನೋಡಿ ನಗದವರಿಲ್ಲ. ಅವನು ಆಂಬುಲೆನ್ಸ್ ಡ್ರೈವರು, ವಯಸ್ಸು ಐವತ್ತೆರಡು. ಗೇಟು ದೂರದಲ್ಲಿ ಕಂಡ ಕೂಡಲೇ ಸೈರನ್ ಆರಿಸುತ್ತಾನೆ. ಗೇಟು ತೆರೆದೇ ಇದ್ದರೂ ಹಳಿಗೆ ಮುಂಚೆ ಒಮ್ಮೆ ನಿಲ್ಲಿಸಿ, ಗಾಜು ಇಳಿಸಿ, ಎರಡೂ ಕಡೆ ನೋಡಿ, ಕಿವಿಗೊಟ್ಟು ಆಮೇಲೆ ದಾಟುತ್ತಾನೆ. ಗೇಟು ಹಾಕಿದ್ದರಂತೂ ಗಾಡಿ ಆಫ್ ಮಾಡಿ, ಕೀ ಕಿತ್ತುಕೊಂಡು, ಇಳಿದು ನಡೆದು, ಗೇಟು ಕಾಯುವ ಕುಸುಮಳ ಕೈಗೆ ಕೊಟ್ಟುಬಿಡುತ್ತಾನೆ! ದುದ್ದದ ಕಡೆಯ ಹೆಣ್ಣುಮಗಳು ಕುಸುಮ ಅದನ್ನು ತನ್ನ ಕೋಣೆಯಲ್ಲಿ ಕೆಂಪು ಹಸಿರು ಬಾವುಟಗಳ ಪಕ್ಕದ ಮೊಳೆಗೆ ತಗುಲಿಸುತ್ತಾಳೆ. ಗೇಟು ಎತ್ತಿದ ಮೇಲೆಯೇ ಕೀ ವಾಪಸ್ಸು. ಇದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಇಲ್ಲ, ಅವರಿಬ್ಬರ ನಡುವಿನ ಕರಾರು ಅಷ್ಟೆ.

ಈ ಕರಾರಿನ ಹಿಂದೆ ಒಂದು ಕತೆಯಿದೆ.

ಬಾಬು ಜಾನ್ ಹುಟ್ಟಿ ಬೆಳೆದದ್ದು ಮಳವಳ್ಳಿಯಲ್ಲಿ, ಅಪ್ಪನ ಗ್ಯಾರೇಜಿನಲ್ಲಿ. ಅವನ ಕಿವಿ ಆ ಊರಿಗೇ ಹೆಸರುವಾಸಿ. ಬಾನೆಟ್ ಎತ್ತುವ ಮುಂಚೆ, ಗಾಡಿಯ ಸದ್ದು ಕೇಳಿಯೇ ಎಲ್ಲಿ ಏನು ಸವೆದಿದೆ ಅಂತ ಹೇಳಿಬಿಡುತ್ತಿದ್ದ. ಒಮ್ಮೆ ಮದುವೆ ಮನೆಯಲ್ಲಿ ಬಿರಿಯಾನಿ ಉಣ್ಣುತ್ತಾ ಕುಳಿತವನು, ಹೊರಗೆ ಹೋದ ಬಸ್ಸಿನ ಸದ್ದು ಕೇಳಿ, ಇದು ಕೊಳ್ಳೇಗಾಲ ಮುಟ್ಟಲ್ಲ ಅಂದನಂತೆ. ಮುಟ್ಟಲಿಲ್ಲ. ಆಂಬುಲೆನ್ಸ್ ಕೆಲಸ ಸಿಕ್ಕಿ ಮದ್ದೂರಿಗೆ ಬಂದಮೇಲೂ ಆ ಕಿವಿಯ ಮೇಲೆ ಅವನಿಗೆ ಸಿಕ್ಕಾಪಟ್ಟೆ ಜಂಬವಿತ್ತು.

ಹನ್ನೊಂದು ವರ್ಷದ ಹಿಂದೆ ಆ ಜಂಬ ಇಳಿಯಿತು. ಅವತ್ತು ಹಾವು ಕಚ್ಚಿದ ರೈತನೊಬ್ಬನನ್ನು ಹಾಕಿಕೊಂಡು, ಸೈರನ್ ಕೂಗಿಸುತ್ತಾ ಇದೇ ಗೇಟಿಗೆ ಬಂದ. ಗೇಟು ಬಿದ್ದಿತ್ತು, ಒಂದು ರೈಲು ಆಗಷ್ಟೇ ದಾಟಿತ್ತು. ಆಗ ಕಾವಲಿಗಿದ್ದವನು ಬೇಡ ಬೇಡ ಅಂತ ಬಡಿದುಕೊಂಡರೂ ನಮ್ಮ ಜನ ಕೇಳಬೇಕಲ್ಲ! ಸೈರನ್ ಸದ್ದಿಗೆ ಅವರ ಕರುಳು ಚುರ್ ಅಂದಿತು. ಹತ್ತು ಜನ ಸೇರಿ ಗೇಟಿನ ಕಂಬವನ್ನು ತಲೆಯ ಮೇಲಕ್ಕೆ ಎತ್ತಿಹಿಡಿದು, "ನಡಿ ಸಾಬಣ್ಣ, ನಡಿ ನಡಿ!" ಅಂದರು. ಬಾಬು ಜಾನ್ ನಡೆದೇಬಿಟ್ಟ. ಪಕ್ಕದಲ್ಲಿ ಇನ್ನೊಂದು ಹಳಿಯಿದೆ, ಅದರ ಮೇಲೆ ಎದುರಿನಿಂದ ಇನ್ನೊಂದು ರೈಲು ಬರುತ್ತಿದೆ ಅನ್ನುವುದು ಅವನ ಹೆಸರುವಾಸಿ ಕಿವಿಗೆ ಕೇಳಲೇ ಇಲ್ಲ. ಅವನದೇ ಸೈರನ್ ರೈಲಿನ ಕೂಗನ್ನು ನುಂಗಿಹಾಕಿತ್ತು. ಕಣ್ಣಿಗೆ ಬಿದ್ದಾಗ ಬ್ರೇಕಿನ ಮೇಲೆ ನಿಂತೇಬಿಟ್ಟ. ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ರೈಲು ಹಾದುಹೋಯಿತು. ರೋಗಿ ಉಳಿದ, ಎಲ್ಲರೂ ಉಳಿದರು, ಆದರೆ ಬಾಬು ಜಾನ್ ಮೂರು ದಿನ ಗಾಡಿ ಮುಟ್ಟಲಿಲ್ಲ.

ಮನೆಯಲ್ಲಿ ಉರ್ದು ಮಾತಾಡಿದರೂ ಬೈಯುವ ಹೊತ್ತಿಗೆ ಅವನ ಹೆಂಡತಿ ಸುಲ್ತಾನ್ ಬೀ ಅಪ್ಪಟ ಮಳವಳ್ಳಿ ಕನ್ನಡಕ್ಕೆ ಇಳಿಯುತ್ತಾಳೆ. ಇನ್ನು ಮೇಲೆ ಹುಷಾರಾಗಿರುತ್ತೇನೆ ಅಂತ ಅವನು ಅಂದದ್ದಕ್ಕೆ, "ಅದ್ಯಾವ ಉಷಾರು? ನಂಗೆ ಸಕ್ಕರೆ ಕಾಯ್ಲೆ. ನಾನೂ ದಿನಾ ಉಷಾರಾಗಿರ್ತೀನಿ ಅಂತಿದ್ದೆ. ಬೆಲ್ಲದ ಡಬ್ಬ ಕಂಡ್ರೆ ಕೈ ಸುಮ್ನಿರ್ತಿತ್ತಾ? ಈಗ ಬೀರುಗೆ ಬೀಗ ಜಡ್ದು ಕೀನ ಪಕ್ಕದ್ಮನೆ ಯಶೋದಮ್ಮಂಗೆ ಕೊಟ್ಬುಟ್ಟಿವ್ನಿ. ನೀವೂ ಅಂಗೇ ಮಾಡಿ. ಕೀ ಕೊಟ್ಬುಡಿ!" ಅಂದಳು.

ಬೆಲ್ಲದ ಬೀರುವಿನ ನ್ಯಾಯ ಆಂಬುಲೆನ್ಸಿಗೂ ಬಂದದ್ದು ಹೀಗೆ. ಆ ವರ್ಷವೇ ಗೇಟಿನ ಕಾವಲಿಗೆ ಬಂದ ಕುಸುಮ ಕೀ ಇಟ್ಟುಕೊಳ್ಳಲು ಒಪ್ಪಿದಳು. ಗಾಡಿಯಲ್ಲಿ ನರ್ಸಾಗಿರುವ ಜಬೀನ್ ಮೊದಮೊದಲು ತಕರಾರು ಎತ್ತಿದಳು. ಆಕ್ಸಿಜನ್‌ಗೆ ಕೀ ಬೇಕಿಲ್ಲ ಅಂತ ತೋರಿಸಿಕೊಟ್ಟ ಮೇಲೆ ಸುಮ್ಮನಾದಳು. ಸೆಕೆಗೆ ಬೀಸಣಿಗೆಯೊಂದನ್ನು ತಂದಿಟ್ಟುಕೊಂಡಳು.

ಹೋದ ಫೆಬ್ರವರಿಯಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಈ ಕರಾರಿಗೆ ನಿಜವಾದ ಪರೀಕ್ಷೆ ಬಂತು.

ಬೆಳಗ್ಗೆ ಹತ್ತು ಗಂಟೆ. ಬಾಬು ಜಾನ್ ಹಳ್ಳಿಯೊಂದರಿಂದ ರೂಪ ಅನ್ನುವ ಬಸುರಿಯನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಎರಡನೆಯ ಹೆರಿಗೆ, ನೋವು ಬೇಗ ಬೇಗ ಬರುತ್ತಿತ್ತು. ಜೊತೆಗೆ ಅತ್ತೆ ಬೆಟ್ಟಮ್ಮ, ಗಂಡ ಪುನೀತ್. ಹುಣಸೆಮರದ ಗೇಟು ಇನ್ನು ನೂರು ಮಾರು ಇದೆ ಅನ್ನುವಾಗ ಕಂಬ ಕೆಳಗಿಳಿಯಿತು. ಮುಂದೆ ಮೂರು ಕಬ್ಬಿನ ಟ್ರ್ಯಾಕ್ಟರು, ಲೆಕ್ಕವಿಲ್ಲದಷ್ಟು ಬೈಕು. ಸೈರನ್ ಇಲ್ಲದಿದ್ದರೂ ಜನ ಒತ್ತರಿಸಿಕೊಂಡು ಆಂಬುಲೆನ್ಸಿಗೆ ದಾರಿ ಬಿಟ್ಟರು. ಗೇಟಿನ ಬುಡದಲ್ಲಿ ಬಾಬು ಜಾನ್ ಗಾಡಿ ಆರಿಸಿ, ಕೀ ಹಿಡಿದು ಇಳಿದ.

"ಅಣ್ಣಾ, ಎಲ್ಗೋಯ್ತಿದ್ದೀಯ? ಗಾಡಿ ಯಾಕ್ ಆಪ್ ಮಾಡ್ದೆ?" ಪುನೀತ್ ಹಿಂದಿನ ಬಾಗಿಲಿನಿಂದ ಹಾರಿ ಓಡಿಬಂದ.

"ಕೀ ಕೊಟ್ಬುಟ್ ಬತ್ತೀನಿ ಇರಪ್ಪ."

"ಕೀ ಕೊಟ್ಟು? ನಿಂಗೇನ್ ತಲೆ ಕೆಟ್ಟದಾ? ಒಳ್ಗೆ ನನ್ ಎಂಡ್ರು ಸಾಯ್ತಾವ್ಳೆ!"

ಬಾಬು ಜಾನ್ ನಡೆದೇ ಹೋದ. ಕುಸುಮಳ ಕೈಗೆ ಕೀ ಹಾಕಿ ತಿರುಗುವಷ್ಟರಲ್ಲಿ, ಮೊದಲ ಟ್ರ್ಯಾಕ್ಟರಿನ ಜವರಯ್ಯ ಪಂಚೆ ಎತ್ತಿಕಟ್ಟಿ ಕೆಳಗಿಳಿದಿದ್ದ. ಹೃದಯ ದೊಡ್ಡದು, ಅವಸರ ಅದಕ್ಕಿಂತ ದೊಡ್ಡದು, ಅಂಥ ಆಸಾಮಿ.

"ಬರ್ರುಲಾ! ಬಸುರಿ ಎಂಗ್ಸವ್ಳೆ, ಗೇಟ್ ಎತ್ರುಲಾ!" ಅಂತ ಅವನು ಕೂಗಿದ್ದೇ ತಡ, ಎಂಟು ಜನ ಕಂಬಕ್ಕೆ ಕೈ ಹಾಕಿದರು. ಕುಸುಮ ಕೆಂಪು ಬಾವುಟ ಹಿಡಿದು ಓಡಿಬಂದಳು. "ಮುಟ್ಟುದ್ರೆ ನೋಡಿ! ಎರಡು ರೈಲು ಬತ್ತಾವೆ!"

"ಎತ್ತಿ ಬುಡಣ್ಣ," ಅಂದ ಬಾಬು ಜಾನ್ ಸಮಾಧಾನವಾಗಿ. "ನೀವು ಆಕಾಸ್ದವರ್ಗೂ ಎತ್ತುದ್ರೂ ನನ್ ಗಾಡಿ ಓಗಕಿಲ್ಲ. ಕೀ ನನ್ತಾವಿಲ್ಲ."

ಜವರಯ್ಯ ಕಂಬ ಹಿಡಿದೇ ಬಾಯಿ ಬಿಟ್ಟುಕೊಂಡು ನಿಂತ. ಇಂಥ ಆಂಬುಲೆನ್ಸ್ ಡ್ರೈವರನ್ನು ಅವನು ಕಂಡಿರಲಿಲ್ಲ. ಕೈಗಳು ಒಂದೊಂದಾಗಿ ಇಳಿದವು.

ಮಾತೇನೋ ಸಮಾಧಾನವಾಗಿ ಬಂತು. ಒಳಗೆ ಮಾತ್ರ ಬಾಬು ಜಾನನ ಜೀವ ಬಾಯಿಗೆ ಬಂದಿತ್ತು. ಜಬೀನ್ ಹಿಂದಿನ ಬಾಗಿಲು ಚೂರು ತೆರೆದು, "ಬಾಬಣ್ಣ, ಆಸ್ಪತ್ರೆತನಕ ಕಾಯಲ್ಲ. ಇಲ್ಲೇ ಆಗುತ್ತೆ," ಅಂದು ಮತ್ತೆ ಮುಚ್ಚಿಕೊಂಡಳು. ಒಳಗಿನಿಂದ ರೂಪಳ ನರಳಾಟ, ದೇವರ ಹೆಸರು ಕೂಗುವ ಬೆಟ್ಟಮ್ಮನ ದನಿ. ಆ ಹುಡುಗಿಗೋ ಕೂಸಿಗೋ ಏನಾದರೂ ಆದರೆ? ಕೀ ಕೊಟ್ಟವನು ನಾನು, ಕಾಯಿಸಿದವನು ನಾನು, ಅಂದುಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಮೊಳೆಯ ಕಡೆ ಆಸೆಯಿಂದ ನೋಡಿದ. ಕುಸುಮ ಅದನ್ನು ಗಮನಿಸಿ ಮೊಳೆಗೆ ಅಡ್ಡ ನಿಂತುಕೊಂಡಳು.

ಮೈಸೂರು ಕಡೆಯಿಂದ ಮೊದಲ ರೈಲು ಬಂತು, ಹೋಯಿತು. ಗೇಟು ಏಳಲಿಲ್ಲ. ಬೈಕುಗಳೆಲ್ಲ ಮಾತ್ರ ಸ್ಟಾರ್ಟಾದವು, ಅದೊಂದು ರೋಗ ನಮಗೆ. ಆಚೆ ಕಡೆ ರಸ್ತೆಯ ಎರಡೂ ಬದಿ ಗಾಡಿಗಳು ತುಂಬಿದ್ದನ್ನು ಪುನೀತ್ ನೋಡಿದ. ಗೇಟು ಎದ್ದರೂ ಆಂಬುಲೆನ್ಸ್ ಹೋಗಲು ಜಾಗವಿಲ್ಲ. ಅವರನ್ನು ಸರಿಸಿಬಿಡೋಣ ಅಂತ ತಲೆ ಬಗ್ಗಿಸಿ ಕಂಬದಡಿ ನುಸುಳಿದ. ಹೆಂಡತಿಯ ಮೇಲಿನ ಪ್ರೀತಿಗೇ ನುಸುಳಿದ, ಬೇರೆ ಯಾತಕ್ಕೂ ಅಲ್ಲ.

ಅಷ್ಟರಲ್ಲಿ ಬಾಬು ಜಾನನ ಕಿವಿ ಚುರುಕಾಯಿತು. ಹೋದ ರೈಲಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಅವನ ಗಾಡಿ ಆರಿತ್ತು, ಸೈರನ್ ಆರಿತ್ತು, ಅದಕ್ಕೇ ಕೇಳಿಸಿತು. ಕಂಬದ ಅಡಿಯಿಂದ ಅರ್ಧ ಮೈ ತೂರಿಸಿ ಪುನೀತನ ಅಂಗಿಯ ಕಾಲರಿಗೆ ಕೈ ಹಾಕಿ ಎಳೆದ. ಗುಂಡಿಗಳು ಪಟಪಟ ಕಿತ್ತುಬಿದ್ದವು. ಇಬ್ಬರೂ ಹಿಂದಕ್ಕೆ ಜವರಯ್ಯನ ಮೇಲೆ ಬಿದ್ದರು, ಎದುರಿನ ಹಳಿಯ ಮೇಲೆ ಎರಡನೆಯ ರೈಲು ಭೋರೆಂದು ಬಂದೇಬಿಟ್ಟಿತು. ಧೂಳು, ಕಬ್ಬಿನ ತರಗು, ಗಾಳಿ. ಪುನೀತ್ ಕುಳಿತಲ್ಲೇ ಒಂದೊಂದು ಬೋಗಿಯನ್ನೂ ಕಣ್ಣು ಮಿಟುಕಿಸದೆ ನೋಡಿದ.

ಕೊನೆಯ ಬೋಗಿ ಹೋಯಿತು. ಬೈಕುಗಳನ್ನೂ ಆರಿಸಿದ್ದರು. ಆಂಬುಲೆನ್ಸಿನೊಳಗೂ ಸದ್ದಿಲ್ಲ. ರೂಪಳ ನರಳಾಟವೂ ನಿಂತಿತ್ತು. ಬಾಬು ಜಾನ್ ಎದ್ದು ಹೋಗಿ ಗಾಡಿಯ ಬಾಗಿಲಿಗೆ ಅಂಗೈ ಒತ್ತಿ ನಿಂತ. ಇಷ್ಟು ವರ್ಷ ಎಂಜಿನ್ನುಗಳನ್ನು ಕೇಳಿದ ಕಿವಿ, ಒಂದು ಚಿಕ್ಕ ಸದ್ದಿಗಾಗಿ ಅಷ್ಟು ಆಸೆಪಟ್ಟದ್ದು ಎಂದೂ ಇರಲಿಲ್ಲ.

ಆಮೇಲೆ ಕೇಳಿಸಿತು. ಮೊದಲು ಕೆಮ್ಮಿದ ಹಾಗೆ ಸಣ್ಣಗೆ, ಮರುಕ್ಷಣವೇ ರೈಲಿಗೇ ಸವಾಲು ಹಾಕುವ ಹಾಗೆ ಗಟ್ಟಿಯಾಗಿ, ಕೂಸಿನ ಅಳು.

ಬೆಟ್ಟಮ್ಮ ಬಾಗಿಲು ತೆರೆದು, "ಎಣ್ಮಗ ಕಣ್ಲಾ ಪುನೀತ! ತಾಯಿ ಮಗು ಇಬ್ರೂ ಸಂದಾಗವ್ರೆ!" ಅಂತ ಕೂಗಿದಳು. ಗುಂಡಿಯಿಲ್ಲದ ಅಂಗಿಯಲ್ಲಿ ಪುನೀತ್ ಗಳಗಳ ಅತ್ತುಬಿಟ್ಟ. ಬಾಬು ಜಾನನಿಗೂ ಅಳು ಬಂತು, ನಾಚಿಕೆಯಿಲ್ಲದೆ ತೋಳಿನಲ್ಲಿ ಒರೆಸಿಕೊಂಡ. ಜವರಯ್ಯ ಸುಮ್ಮನಿರುತ್ತಾನೆಯೇ? ಟ್ರ್ಯಾಕ್ಟರಿನಿಂದ ಕಬ್ಬಿನ ಜಲ್ಲೆ ಎಳೆದು, ಮೊಣಕಾಲಿಗೆ ಹಾಕಿ ಮುರಿದು ಮುರಿದು, ನಿಂತವರಿಗೆಲ್ಲ ಹಂಚತೊಡಗಿದ. "ಮಾಲಕ್ಸ್ಮಿ ಬಂದವ್ಳೆ, ಬಾಯಿ ಸಿಹಿ ಮಾಡ್ಕಳಿ!" ಹಳಿಯ ಆಚೆಯವರಿಗೂ ಕಬ್ಬು ಎಸೆದ.

ಗೇಟು ಎದ್ದಿತು. ನಂಬುತ್ತೀರೋ ಇಲ್ಲವೋ, ಒಂದು ಗಾಡಿಯೂ ಕದಲಲಿಲ್ಲ. ಎಲ್ಲರ ಬಾಯಲ್ಲೂ ಕಬ್ಬು. ಆಚೆಯವರು ತಾವಾಗಿಯೇ ಬಲಬದಿ ಖಾಲಿ ಮಾಡಿ, ಆಂಬುಲೆನ್ಸ್ ಮೊದಲು ಬರಲಿ ಅಂತ ಕೈ ಬೀಸಿದರು. ಬಾಬು ಜಾನ್ ಠೀವಿಯಿಂದ ಹತ್ತಿ ಕುಳಿತು, ಸ್ಟಾರ್ಟ್ ಮಾಡಲು ಕೈ ಹಾಕಿದರೆ ಕೀಯೇ ಇಲ್ಲ!

"ಬಾಬಣ್ಣೋ, ನಿನ್ನ ಕೀ!" ಕುಸುಮ ಬಾಯಲ್ಲಿ ಕಬ್ಬು, ಒಂದು ಕೈಲಿ ಬಾವುಟ, ಇನ್ನೊಂದು ಕೈಲಿ ಕೀ ಹಿಡಿದು ಓಡಿಬಂದಳು. ಇಡೀ ಗೇಟೇ ನಕ್ಕಿತು. ಒಳಗೆ ಮಲಗಿದ್ದ ರೂಪಳೂ ನಕ್ಕಳಂತೆ, ಜಬೀನ್ ಆಮೇಲೆ ಹೇಳಿದಳು.

ಹದಿನೈದು ದಿನ ಕಳೆದಿರಬಹುದು. ಬಾಬು ಜಾನ್ ಖಾಲಿ ಆಂಬುಲೆನ್ಸಿನಲ್ಲಿ ಮದ್ದೂರಿಗೆ ವಾಪಸ್ಸಾಗುತ್ತಿದ್ದ. ಗೇಟು ಬಿದ್ದಿತ್ತು. ಎಂದಿನಂತೆ ಕೀ ಹಿಡಿದು ಕೋಣೆಯ ಬಳಿ ಹೋದರೆ, ಅಲ್ಲಿ ಆಗಲೇ ಪುನೀತ್ ನಿಂತಿದ್ದ. ಬೈಕು ರಸ್ತೆಯ ಎಡಬದಿಯಲ್ಲಿ ಆರಿಸಿ ನಿಂತಿತ್ತು, ಅದರ ಕೀಯನ್ನು ಅವನು ಕುಸುಮಳ ಮುಂದೆ ಚಾಚಿದ್ದ.

"ಇದ್ನೂ ಮಡೀಕಳಕ್ಕ."

"ಅಯ್ಯೋ, ಇದೇನು ಸೈಕಲ್ ಸ್ಟ್ಯಾಂಡಾ?" ಕುಸುಮ ರೇಗಿದಳು. "ಆಂಬುಲೆನ್ಸ್‌ನೋರು ಕೊಟ್ರೆ ಒಂದರ್ಥ ಅದೆ. ನಿನ್ನ ಬೈಕಲ್ಲಿ ಯಾವ ಪೇಶೆಂಟ್ ಅವ್ನಪ್ಪ?"

"ನಾನೇ ಕಣಕ್ಕ," ಅಂದ ಪುನೀತ್.

ಕುಸುಮ ಬಾಬು ಜಾನನ ಮುಖ ನೋಡಿದಳು, ಕೀ ಇಸಿದುಕೊಂಡಳು. ಈಗ ಹುಣಸೆಮರದ ಗೇಟಿನ ಕೋಣೆಯಲ್ಲಿ ಬಾವುಟದ ಪಕ್ಕ ಎರಡು ಮೊಳೆಗಳಿವೆ.